ಗರ್ಭಕೋಶ ಜಾರಿದವರ ದೆವ್ವದ ಕತೆಗಳು

ನಾನು ತುಮಕೂರಿನಲ್ಲಿ ಹೆಂಗಸರ ಡಾಕ್ಟರು. ಜಾರಿದ ಗರ್ಭಕೋಶ ಸರಿಮಾಡುವುದೇ ನನ್ನ ಕೆಲಸದಲ್ಲಿ ದೊಡ್ಡ ಪಾಲು. ಈ ಕಾಯಿಲೆಯನ್ನು ಯಾರೂ ಜ್ವರ, ಕೆಮ್ಮಿನ ಹಾಗೆ ನೇರವಾಗಿ ಹೇಳುವುದಿಲ್ಲ. ನಾಚಿಕೆಯಿಂದ ಸುತ್ತಿ ಬಳಸಿ ಹೇಳಿ, ನನ್ನ ಕೋಣೆ ತಲುಪುವಷ್ಟರಲ್ಲಿ ಅದು ದೆವ್ವದ ಕತೆ ಆಗಿರುತ್ತದೆ. ಹಾಗಾಗಿ ಹಗಲು ಹೊತ್ತಿನಲ್ಲೇ ನನ್ನ ಮೈ ಆಗಾಗ ಜುಂ ಅನ್ನುತ್ತಿರುತ್ತದೆ.

ಸಂಜೆ ಬರೋದು

ಊರ್ಡಿಗೆರೆ ಕಡೆಯಿಂದ ಒಬ್ಬ ಹೆಂಗಸು ಬಂದಿದ್ದಳು. ಎರಡು ಮಕ್ಕಳ ತಾಯಿ, ಇನ್ನೂ ಚಿಕ್ಕ ವಯಸ್ಸು. ಗಂಡನನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು.

"ಸಂಜೆ ಹೊತ್ಗೆ ಅದು ಬರ್ತದೆ ಮೇಡಂ."

"ಯಾವುದು?"

"ಅದೇ. ಬೆಳಿಗ್ಗೆ ಇರಲ್ಲ. ಹೊಲದಲ್ಲಿ ಬಗ್ಗಿ ಕಳೆ ಕಿತ್ರೆ ಮಧ್ಯಾಹ್ನಕ್ಕೇ ಬರ್ತದೆ. ಕೆಮ್ಮಿದ್ರೆ ಇಣುಕ್ತದೆ. ಮಲಗಿದ್ರೆ ಹೊಂಟೋಯ್ತದೆ."

ಹೊಸದಾಗಿ ಸೇರಿದ್ದ ನರ್ಸು ಎದ್ದು ಹೋಗಿ ಕಿಟಕಿ ಮುಚ್ಚಿದಳು.

"ಕಣ್ಣಿಂದ ನೋಡಿದೀಯಾ?" ಅಂದೆ.

"ಕನ್ನಡೀಲಿ ಒಂದ್ಸಲ ನೋಡ್ದೆ. ಕೆಂಪಗಿತ್ತು. ಕಣ್ಣಿಲ್ಲ, ಮೂಗಿಲ್ಲ. ಬಾಯಿ ಮಾತ್ರ ಇತ್ತು."

ನರ್ಸು ನನ್ನ ಕುರ್ಚಿಯ ಹಿಂದೆ ಬಂದು ನಿಂತಳು.

ಮಂಚದ ಮೇಲೆ ಮಲಗಿಸಿ ನೋಡಿದೆ. ಸೊಂಟಕ್ಕೆ ತಾಯತ ಕಟ್ಟಿತ್ತು. ತಿಣುಕಲು ಹೇಳಿದೆ, ಗರ್ಭಕೋಶ ಕೆಳಗಿಳಿದು ಅದರ ಬಾಯಿ ಹೊರಗೇ ಬಂತು. "ಇದು ಪೀಡೆ ಅಲ್ಲ ಕಣಮ್ಮ, ನಿನ್ನ ಗರ್ಭಕೋಶ. ಹೆರಿಗೆಯಲ್ಲಿ ಒಳಗಿನ ಆಸರೆ ಸಡಿಲ ಆಗಿ ಜಾರಿದೆ. ತೆಗೆಯೋದೇನೂ ಬೇಡ, ಮೇಲಕ್ಕೆತ್ತಿ ಕಟ್ಟಿ ನಿಲ್ಲಿಸಬಹುದು. ಅಲ್ಲೀವರೆಗೂ ಜಾರದ ಹಾಗೆ ಒಳಗೆ ಒಂದು ರಿಂಗ್ ಹಾಕ್ತೀನಿ" ಅಂದೆ.

ಅವಳು ಸೆರಗು ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಅತ್ತಳು. ಇಷ್ಟು ದಿನ ತನ್ನ ಮೈಗೇ ಹೆದರಿಕೊಂಡು ಬದುಕಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು, "ಅದಕ್ಕೆ ಅಂತ ಕೋಳಿ ಕೊಯ್ದು ಎಡೆ ಇಟ್ಟಿದ್ವಲ್ಲ ಮೇಡಂ. ಹಂಗಾದ್ರೆ ಎಡೆ ನಂಗೇ ಇಟ್ಟಂಗಾಯ್ತಲ್ಲ?"

"ಹಾಗೇ ಆಯ್ತು."

"ತಿಂದೋನು ಮಾತ್ರ ಆ ತಾಯತ ಕಟ್ದೋನು."

ಮೈಯಿಲ್ಲದ ಕಾಲು

ಕುಣಿಗಲ್‌ನ ಒಬ್ಬರಿಗೆ ಗರ್ಭಕೋಶ ತೆಗೆದು, ಜಾರಿದ್ದ ಮೂತ್ರಚೀಲವನ್ನೂ ಮೇಲೆತ್ತಿ ಹೊಲಿಯುವುದಿತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲ. ಎಚ್ಚರ ಮಾತ್ರ ಪೂರ್ತಿ. ಕಾಲುಗಳನ್ನು ಎತ್ತಿ ಆಪರೇಷನ್ ಮೇಜಿನ ಎರಡು ಕಂಬಗಳಿಗೆ ಕಟ್ಟಿದ್ದೆವು. ಹಸಿರು ಬಟ್ಟೆ ಇನ್ನೂ ಹೊದಿಸಿರಲಿಲ್ಲ. ಆಗ ಆಕೆ ಶಾಂತವಾಗಿ ಹೇಳಿದರು:

"ಮೇಲ್ಗಡೆ ಯಾರೋ ಅವ್ರೆ."

ಅರಿವಳಿಕೆ ಡಾಕ್ಟರು ಸೂರು ನೋಡಿದರು. ಏನೂ ಇರಲಿಲ್ಲ.

"ಬರೀ ಎರಡು ಕಾಲು. ಮೈಯಿಲ್ಲ. ಗಾಳೀಲಿ ನಿಂತವೆ."

ಥಿಯೇಟರಿನಲ್ಲಿದ್ದ ಎಲ್ಲರೂ ಕತ್ತೆತ್ತಿದೆವು.

"ಹಿಮ್ಮಡಿ ಎಲ್ಲಾ ಒಡೆದೋಗವೆ, ಪಾಪ. ಆಯಮ್ಮನ್ನ ಮನೇಲಿ ಒಂದಿನಾನೂ ಕುಂತ್ಕೊಳಾಕೆ ಬಿಟ್ಟಿಲ್ಲ. ಏನಾದ್ರೂ ಹಚ್ರಮ್ಮ."

ನಾನು ಬಗ್ಗಿ ಆಕೆಯ ತಲೆಯ ಪಕ್ಕದಿಂದ ಮೇಲೆ ನೋಡಿದೆ. ಆಪರೇಷನ್ ದೀಪದ ಹೊಳೆಯುವ ಸ್ಟೀಲ್ ಅಂಚಿನಲ್ಲಿ ಆಕೆಯದೇ ಕಾಲುಗಳು ಕಾಣುತ್ತಿದ್ದವು.

"ಅವು ನಿಮ್ಮವೇ ಕಣಮ್ಮ" ಅಂದೆ.

ಆಕೆ ಬಹಳ ಹೊತ್ತು ದಿಟ್ಟಿಸಿದರು. "ಸುಮ್ನಿರಿ ಮೇಡಂ. ನಂದು ಅಷ್ಟು ದಪ್ಪ ಇಲ್ಲ ಬುಡಿ."

ಪಕ್ಕದ ಕುರ್ಚಿ

ಗುಬ್ಬಿಯ ಅಜ್ಜಿಯೊಬ್ಬರು ಮಗಳ ಜೊತೆ ಬಂದರು. ಗರ್ಭಕೋಶ ಪೂರ್ತಿ ಹೊರಗಿತ್ತು. ರಿಂಗ್ ಹಾಕಿದರೆ ನಿಲ್ಲುತ್ತಿರಲಿಲ್ಲ. ಹೃದಯ ಬಲಹೀನ, ದೊಡ್ಡ ಆಪರೇಷನ್ ತಡೆಯುವ ಹಾಗಿರಲಿಲ್ಲ. ಉಳಿದದ್ದು ಒಂದೇ ದಾರಿ: ಅದನ್ನು ಒಳಗೆ ತಳ್ಳಿ, ಯೋನಿಯ ದಾರಿಯನ್ನೇ ಹೊಲಿದು ಮುಚ್ಚುವುದು. ಚಿಕ್ಕ ಆಪರೇಷನ್, ಆದರೆ ಆಮೇಲೆ ಗಂಡ ಹೆಂಡತಿ ಸಂಬಂಧ ಇರುವುದಿಲ್ಲ.

"ಯಜಮಾನ್ರು ಇದಾರಾ ಅಜ್ಜಿ?"

"ಅವ್ರೆ."

"ಕರ್ಕೊಂಡ್ಬನ್ನಿ, ಅವರಿಗೂ ಹೇಳ್ಬೇಕು."

"ಇಲ್ಲೇ ಕುಂತವ್ರಲ್ಲ" ಎಂದು ಅಜ್ಜಿ ಪಕ್ಕದ ಕುರ್ಚಿ ತೋರಿಸಿದರು.

ಕುರ್ಚಿ ಖಾಲಿ ಇತ್ತು. ಆಗ ಗಮನಿಸಿದೆ, ಮಗಳು ಒಳಗೆ ಬಂದಾಗಿನಿಂದ ನಿಂತೇ ಇದ್ದಳು.

"ಅಪ್ಪ ತೀರ್ಕೊಂಡು ಬಹಳ ವರ್ಷ ಆಯ್ತು ಮೇಡಂ" ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು. "ಆದ್ರೂ ಅಮ್ಮ ಅವರನ್ನ ಕೇಳ್ದೆ ಏನೂ ಮಾಡಲ್ಲ."

"ನೀವೇ ಹೇಳಿ ಅವ್ರಿಗೆ, ನಂಗೆ ನಾಚ್ಕೆ" ಅಂದರು ಅಜ್ಜಿ.

ಬೇರೆ ದಾರಿ ಇರಲಿಲ್ಲ. ಆಪರೇಷನ್ ಬೇಡ ಅಂದುಬಿಟ್ಟರೆ ಅಜ್ಜಿ ಹುಣ್ಣು, ಕೀವಿನಲ್ಲೇ ದಿನ ದೂಡಬೇಕಿತ್ತು. ನಾನು ಖಾಲಿ ಕುರ್ಚಿಯ ಕಡೆ ತಿರುಗಿ, ಚಿತ್ರ ಬರೆದು ಹಿಡಿದು, ಎಲ್ಲಿ ಹೊಲಿಯುತ್ತೇವೆ, ಆಮೇಲೆ ಏನು ಆಗುವುದಿಲ್ಲ, ಎಲ್ಲವನ್ನೂ ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ, ಎದುರಿಗೆ ಯಾರೋ ತಲೆ ತಗ್ಗಿಸಿ ಕೇಳುತ್ತಿದ್ದಾರೆ ಅನ್ನಿಸಿ ನನ್ನ ದನಿಯೇ ಸಣ್ಣದಾಯಿತು.

ಅಜ್ಜಿ ಕಿವಿಗೊಟ್ಟು ಕೂತಿದ್ದರು. ತುಂಬಾ ಹೊತ್ತಾಯಿತು.

"ಏನಂತಾರೆ?" ಅಂದೆ.

"ತಡೀರಿ. ಬದುಕಿದ್ದಾಗ್ಲೂ ಹಿಂಗೇ, ಬೇಗ ಬಾಯಿ ಬಿಡ್ತಿರ್ಲಿಲ್ಲ." ಆಮೇಲೆ ತಲೆಯಾಡಿಸಿದರು. "ಹೂಂ ಅಂದ್ರು."

ಆಪರೇಷನ್ ಚೆನ್ನಾಗಿ ಆಯಿತು. ತಿಂಗಳ ನಂತರ ತೋರಿಸಿಕೊಳ್ಳಲು ಬಂದಾಗ ಅಜ್ಜಿ ನೆಟ್ಟಗೆ ನಡೆಯುತ್ತಿದ್ದರು. ಮಗಳು ಆ ಕುರ್ಚಿಯಲ್ಲಿ ಆರಾಮಾಗಿ ಕೂತಳು. ನನಗೇ ಯಾಕೋ ಬಿಕೋ ಅನ್ನಿಸಿತು.

"ಯಜಮಾನ್ರು ಬರ್ಲಿಲ್ವಾ?" ಅಂತ ಕೇಳಿಯೇಬಿಟ್ಟೆ.

ಬಾಗಿಲ ಪರದೆ ಸಣ್ಣಗೆ ಅಲುಗುತ್ತಿತ್ತು. ಅಜ್ಜಿ ಅತ್ತ ನೋಡಿ ನಕ್ಕರು.

"ಹೊರಗೇ ನಿಂತವ್ರೆ. ಅವತ್ತು ಅಷ್ಟೆಲ್ಲಾ ಬಿಡಿಸಿ ಹೇಳಿದ್ರಲ್ಲ, ನಿಮ್ಮ ಮುಖ ನೋಡಾಕೆ ಅವ್ರಿಗೆ ನಾಚ್ಕೆಯಂತೆ."