ನಾಟಕಕಾರರು ಓದಿದ ನಮ್ಮೂರ ಶಾಲೆ

ಕನ್ನಡ ಶಾಲೆ ಉಳಿಸಿ ಎಂದು ಬೀದಿಯಲ್ಲಿ ಕೂಗುವವನಿಗೆ ನಗು ತರಿಸುವ ಸಂಗತಿಗಳಿಗೇನೂ ಬರವಿಲ್ಲ. ನಗುವ ಶಕ್ತಿಯೇ ಇರುವುದಿಲ್ಲ, ಅಷ್ಟೆ. ತುರುವೇಕೆರೆ ರಸ್ತೆಯ ನಮ್ಮೂರ ಶಾಲೆಗೆ ಈ ವರ್ಷ ಇನ್ನೊಂದು ಮಗು ಸೇರದಿದ್ದರೆ ಬೀಗ ಎಂದು ಮೇಲಿನವರು ಹೇಳಿದ್ದರು. ನಾಡೆಲ್ಲ ಹೆಸರಾದ ಒಬ್ಬ ನಾಟಕಕಾರರು ಬಾಲ್ಯದಲ್ಲಿ ಅಲ್ಲಿ ಓದಿದ್ದರು. ಆ ಒಂದು ಮಗುವಿಗಾಗಿ ಅವರ ಹೆಸರು ಹಿಡಿದು ಮನೆಮನೆ ಅಲೆದೆ.

ಯಾರ ಊರಿನವರು?

ಕಿಬ್ಬನಹಳ್ಳಿಯ ಟೀ ಅಂಗಡಿಯಲ್ಲಿ ಪಕ್ಕದೂರಿನವನೊಬ್ಬ, "ಅವ್ರು ಓದಿದ್ದು ನಮ್ಮೂರಲ್ಲಿ ಕಣ್ಲಾ" ಎಂದ. ನಮ್ಮೂರಿನವನು ಅವನ ಕಾಲರ್ ಹಿಡಿದ. ನಾನು ನಡುವೆ ಹೋಗಿ, "ನಿಮ್ಮ ಮಕ್ಕಳು ಎಲ್ಲಿ ಓದ್ತಾವ್ರೆ, ಮೊದ್ಲು ಅದನ್ನ ಹೇಳ್ರಲಾ" ಎಂದೆ.

ಇಬ್ಬರೂ ತಿಪಟೂರಿನ ಇಂಗ್ಲಿಷ್ ಶಾಲೆಯ ಹೆಸರು ಹೇಳಿದರು. ಒಂದೇ ಶಾಲೆ, ಒಂದೇ ವ್ಯಾನು. ಜಗಳ ಮಾತ್ರ ಕನ್ನಡ ಶಾಲೆಗೆ.

ಖಾಲಿ ಕೊಠಡಿ

ಒಂದು ದಿನ ಹೋಗಿ ನೋಡಿದರೆ ಶಾಲೆಯ ಒಂದು ಕೊಠಡಿ ತುಂಬ ತೆಂಗಿನಕಾಯಿ. ಕೊಬ್ಬರಿಯಾಗಲಿ ಎಂದು ಶಾಲಾ ಸಮಿತಿಯ ಅಧ್ಯಕ್ಷನೇ ರಾಶಿ ಹಾಕಿಸಿದ್ದ.

"ಇದೇನು ಶಾಲೆಯಾ, ನಿಮ್ಮನೆ ಅಟ್ಟವಾ?" ಎಂದು ಅವನ ಮೇಲೆ ರೇಗಿದೆ.

"ಕೂಗಬೇಡ ಕಣಪ್ಪ. ಕೊಠಡಿ ಖಾಲಿ ಅಂತ ಸಾಹೇಬ್ರು ಬರ್ಕೊಂಡ್ರೆ ತಾನೆ ಶಾಲೆ ಮುಚ್ಚೋದು? ಈಗ ಖಾಲಿ ಐತಾ, ಹೇಳು."

ಅವನೇ ಮುಂದುವರಿಸಿದ: "ಕೊಬ್ಬರಿ ಆಗೋವರ್ಗೂ ಕಾಯಿ ಅಲ್ಲಾಡಬಾರ್ದು. ಮಕ್ಳು ಮಗ್ಗಿ ಕೂಗಿದ್ರೆ ಅದುರ್ತವೆ. ಪಾಠ ವಸಿ ಮೆತ್ತಗೆ ಮಾಡಕ್ಕೆ ಮೇಷ್ಟ್ರಿಗೆ ಹೇಳ್ಬುಡು."

ಐದು ಭಾಷೆ

ನಾಟಕಕಾರರನ್ನೇ ಊರಿಗೆ ಕರೆಸಲು ಶಾಲಾ ಸಮಿತಿಯವರನ್ನು ಒಪ್ಪಿಸಿದೆ. ಅವರಿಗೆ ಬರುವ ಭಾಷೆಗಳನ್ನೆಲ್ಲ ಫ್ಲೆಕ್ಸಿನಲ್ಲಿ ಹಾಕಿಸೋಣ ಎಂದು ಸಮಿತಿಯವರು ಹೇಳಿದರು. ಕನ್ನಡ, ತೆಲುಗು, ಉರ್ದು, ಮರಾಠಿ, ಇಂಗ್ಲಿಷ್ ಎಂದು ಬರೆಸಿದೆ. ಇಂಗ್ಲಿಷ್ ಮೇಲಕ್ಕೆ ಬರಲಿ ಎಂದು ಒಬ್ಬ ಹಟ ಹಿಡಿದ.

"ಅವರು ನಾಟಕವೆಲ್ಲ ಬರೆದದ್ದು ಕನ್ನಡದಲ್ಲಿ!" ಎಂದು ಕಿರುಚಿದೆ.

ಅವನ ಮುಖ ಬಾಡಿತು. "ಅಯ್ಯೋ ಪಾಪ. ಅಷ್ಟೊಂದು ಕಲ್ತೂ ಕನ್ನಡದಲ್ಲೇ ಬರೀಬೇಕಾಯ್ತಾ?"

ದೊಡ್ಡವರ ಮಾತು

ಅವರು ಬಂದರು. ಊರೇ ಸೇರಿತು. ಈ ಶಾಲೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿದರೆ ಆ ಒಂದು ಮಗು ಸಿಕ್ಕೀತು ಎಂದು ಕೈಕಟ್ಟಿ ಕೂತೆ.

ಅವರು ನಿಜವನ್ನೇ ಹೇಳಿಬಿಟ್ಟರು. "ಇಲ್ಲಿ ಕನ್ನಡ ಅಕ್ಷರ ಕಲಿತೆ. ಆಮೇಲೆ ಮೇಷ್ಟ್ರು ಹೊಡೆದರು, ಓಡಿಹೋದೆ. ಕಾಯಿ ಸುಲಿಯಲು ಗಡಿಯಾಚೆಯಿಂದ ಬಂದವರ ಜೊತೆ ಸೇರಿ ತೆಲುಗು ಬಂತು. ಕೊಬ್ಬರಿ ಮಂಡಿಯ ಹಮಾಲರಿಂದ ಉರ್ದು. ಕೊಬ್ಬರಿ ಲಾರಿ ಹತ್ತಿ ಹೋದೆ, ಮರಾಠಿ ಬಂತು. ಇಂಗ್ಲಿಷ್ ಕಲಿತದ್ದು ರಾತ್ರಿ ಶಾಲೆಯಲ್ಲಿ. ಓಡಿಹೋಗದಿದ್ದರೆ ನಾನು ನಾಟಕಕಾರನೇ ಆಗುತ್ತಿರಲಿಲ್ಲ."

ಜನ ಚಪ್ಪಾಳೆ ಹೊಡೆದರು. ನಾನು ತಲೆ ಹೊಡೆದುಕೊಂಡೆ. ಇಷ್ಟು ವರ್ಷ ಕೂಗಿದ್ದೆಲ್ಲ ಒಂದೇ ಭಾಷಣಕ್ಕೆ ಮುಗಿಯಿತು ಎನಿಸಿತು.

ಮರುದಿನ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಅಜ್ಜಿಯೊಬ್ಬಳು ಮೊಮ್ಮಗನ ರಟ್ಟೆ ಹಿಡಿದು ನಿಂತಿದ್ದಳು.

"ಯಾವ ಸ್ಕೂಲಿಗೆ ಸೇರ್ಸಿದ್ರೂ ಓಡಿ ಬತ್ತಾನೆ ಕಣಪ್ಪ. ಓಡೋದೇ ಆದ್ರೆ ನಿಮ್ ಸ್ಕೂಲಿಂದ್ಲೇ ಓಡ್ಲಿ ಬುಡು. ನಾಟಕನಾದ್ರೂ ಬರೀತಾನೆ."

ಅವಳು ಮನಸ್ಸು ಬದಲಿಸುವ ಮೊದಲೇ ಮೇಷ್ಟ್ರು ಹೆಸರು ಬರೆದುಕೊಂಡರು. ಶಾಲೆ ಉಳಿಯಿತು.

ಹೊರಡುವಾಗ ಅಜ್ಜಿ ಹೇಳಿದಳು: "ಮೇಷ್ಟ್ರೇ, ಆವಾಗಾವಾಗ ನಾಲ್ಕು ಬಿಗೀರಿ."

"ಈಗ ಮಕ್ಕಳನ್ನ ಹೊಡೆಯೋ ಹಾಗಿಲ್ಲಮ್ಮ."

ಅಜ್ಜಿ ಸೆರಗು ಕೊಡವಿದಳು. "ಅದ್ಕೇ ನೋಡಿ, ಈ ಊರಲ್ಲಿ ಅವ್ರಾದ್ಮೇಲೆ ಒಬ್ಬನೂ ನಾಟಕ ಬರೀನಿಲ್ಲ."