ನೂರಕ್ಕೆ ನೂರು ಬಂದ ತಪ್ಪಿಗೆ

ಜಕ್ಕಲಿಯ ಕುಮಾರಿ ಐಶ್ವರ್ಯಾ ಗಣಿತದಲ್ಲಿ ನೂರಕ್ಕೆ ನೂರು ಅಂಕ ಪಡೆದು ನಪಾಸಾಗಿರುತ್ತಾಳೆಂದು ರೋಣದ ಖಾಸಗಿ ಕಾಲೇಜೊಂದು ಎರಡು ಸಾವಿರದ ಆರನೆಯ ಇಸವಿಯ ಏಪ್ರಿಲ್‌ನಲ್ಲಿ ಸಕಲರ ಅವಗಾಹನೆಗಾಗಿ ಫಲಕದ ಮೇಲೆ ಪ್ರಕಟಿಸಿತು. ಅದೇ ಫಲಕದ ಮೇಲೆ ಮೂವತ್ತೈದು ಬಂದವರು ಪಾಸಾಗಿದ್ದರು. ಯಾರೂ ಗಾಬರಿಯಾಗಲಿಲ್ಲ. ಯಂತ್ರ ಹೇಳಿದ ಮೇಲೆ ಮುಗಿಯಿತಲ್ಲ!

ಗಾಬರಿಯಾದವಳು ಸೈರಾಬಾನು ಒಬ್ಬಳೇ. ದಿನಾ ಗಜೇಂದ್ರಗಡದಿಂದ ಬಸ್ಸಿಗೆ ಬಂದು ಕಂಪ್ಯೂಟರ್ ಕಲಿಸುತ್ತಿದ್ದ ಅವಳೇ ಆ ಫಲಿತಾಂಶದ ಪ್ರೋಗ್ರಾಮ್ ಬರೆದವಳು. ಅವಳ ಕೋಣೆಯ ಬಾಗಿಲಿಗೆ ಐಶ್ವರ್ಯಾಳ ತಾಯಿ ಚನ್ನವ್ವ ಬಂದು ನಿಂತಳು.

"ಅಕ್ಕಾರ, ಪಾಸಾದ್ರ ಸಾಲಿ, ನಪಾಸಾದ್ರ ಲಗ್ನ ಅಂತ ಇಕಿ ಅಪ್ಪ ಲಕ್ಕಲಕಟ್ಟಿ ಮಂದೀಗೆ ಮಾತ ಕೊಟ್ಟಾನ್ರಿ. ನೂರು ಬಂದ್ರ ನಪಾಸು, ಇದ್ಯಾವ ಊರಿನ ನ್ಯಾಯಾರಿ?"

ಸೈರಾಬಾನು ಕಂಪ್ಯೂಟರಿನ ಮುಂದೆ ಕೂತಳು. ಪ್ರೋಗ್ರಾಮನ್ನು ಸಾಲು ಸಾಲಾಗಿ ಜಾಲಾಡಿದಳು. ಅವಳ ಬರಹ ಸರಿ ಇತ್ತು. ಆ ಬರಹವನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ಕಂಪೈಲರ್‌ನಲ್ಲೇ ದೋಷವಿತ್ತು. ಪ್ರೋಗ್ರಾಮ್ ಬೇಗ ಓಡಲೆಂದು ವೇಗದ ಆಯ್ಕೆ ಹಾಕಿದರೆ ಅದು ನೂರನ್ನು ಕಂಡು ಮುಗ್ಗರಿಸಿ ನಪಾಸು ಅನ್ನುತ್ತಿತ್ತು. ಅದು ದೇಶದೇಶದ ಮಂದಿ ಕೂಡಿ ಮಾಡಿ ಪುಕ್ಕಟೆ ಹಂಚಿದ ಕಂಪೈಲರ್. ದೋಷ ಕಂಡವರು ಯಾರಾದರೂ ಅವರ ವೆಬ್‌ಸೈಟಿನಲ್ಲಿ ವರದಿ ಮಾಡಬಹುದಿತ್ತು. ಸೈರಾಬಾನು ಅಂದೇ ವರದಿ ಮಾಡಿದಳು. ಅಲ್ಲಿಂದ ಶುರುವಾಯಿತು ನೋಡ್ರಿ ತಾಪತ್ರಯ.

ಸಂಸ್ಥೆಯ ಅಧ್ಯಕ್ಷ ಅಂದಾನಪ್ಪನವರು ಕರೆಸಿದರು.

"ನಮ್ಮ ಮನಿ ದೋಷ ಪರದೇಶದವರಿಗೆ ಬರದೀರಂತ?"

"ದೋಷ ನಮ್ದಲ್ರಿ ಸರ, ಕಂಪೈಲರ್‌ದು. ಸದ್ಯಕ್ಕ ವೇಗದ ಆಯ್ಕೆ ತಗದ್ರ ಆತ್ರಿ, ಹುಡುಗಿ ಪಾಸಾಗ್ತಾಳ."

"ವೇಗ ತಗೀಬೇಕಾ? 'ಮಿಂಚಿನ ವೇಗದ ಫಲಿತಾಂಶ' ಅಂತ ಬಸ್‌ಸ್ಟ್ಯಾಂಡಿನಾಗ ಬೋರ್ಡ್ ಹಚ್ಚೇವಿ!"

"ಹಂಗಾದ್ರ ಕೈಲೇ ಪಾಸ್ ಅಂತ ಬರದುಬಿಡೂಣ್ರಿ."

"ಯಂತ್ರ ಕೊಟ್ಟಿದ್ದು ಮನುಷ್ಯಾ ತಿದ್ದಿದ್ರ ಭ್ರಷ್ಟಾಚಾರ ಆಗತೈತಿ, ಬಾಯಾರ."

ಅಳಿಯ ಮುತ್ತಣ್ಣನನ್ನು ಅರ್ಜಿಯಿಲ್ಲದೆ ಹೆಡ್‌ಕ್ಲಾರ್ಕ್ ಮಾಡಿಕೊಂಡಿದ್ದ ಅಂದಾನಪ್ಪನವರಿಗೆ ಭ್ರಷ್ಟಾಚಾರವೆಂದರೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಈ ಮುತ್ತಣ್ಣ ಹಿಂದೆ ನರಗುಂದದಲ್ಲಿ ವಕೀಲರೊಬ್ಬರ ಕಡೆ ಗುಮಾಸ್ತನಾಗಿದ್ದವನು. "ದೋಷ ಐತಿ ಅಂತ ಬರೇ ಬಾಯಿಲೆ ಅಂದ್ರ ನಡಿಯಂಗಿಲ್ರಿ ಮಾವಾರ, ಪಂಚನಾಮಿ ಆಗಬೇಕು" ಎಂದ.

ಪಂಚನಾಮೆ ಆಯಿತು. ಕಾಲೇಜಿನ ಎದುರಿಗೆ ಸೈಕಲ್ ಅಂಗಡಿ ಇಟ್ಟಿದ್ದ ಅಲ್ಲಾವುದ್ದೀನ ಚಾಚಾನನ್ನು ಪಂಚನಾಗಿ ಕರೆತಂದರು. ಸೈರಾಬಾನು ತೊಂಬತ್ತೊಂಬತ್ತು ಹಾಕಿ ತೋರಿಸಿದಳು, ಪಾಸು. ನೂರು ಹಾಕಿದಳು, ನಪಾಸು. ಚಾಚಾ ಕನ್ನಡಕ ಏರಿಸಿ ನೋಡಿ, "ದೋಷ ಖರೇ ಐತ್ರಿ. ಭಾಳ ಚಲೋ ಕಾಣತೈತಿ" ಎಂದು ಸಹಿ ಮಾಡಿದ. ಕೂಡಲೇ ಮುತ್ತಣ್ಣ ದೋಷವನ್ನು ಜಪ್ತು ಮಾಡಿದ. ಕಂಪ್ಯೂಟರಿಗೆ ಹೊಸದೇನೂ ಒಳಗೆ ಹೋಗದಂತೆ ಸಿ.ಡಿ. ಹಾಕುವ ಬಾಯಿಗೂ ಇಂಟರ್ನೆಟ್ ತಂತಿಗೂ ಅರಗಿನ ಮುದ್ರೆ ಬಿತ್ತು. ಅಂಕ ತುಂಬುವ ಕೆಲಸ ನಿಲ್ಲಬಾರದೆಂದು ಕೀಬೋರ್ಡನ್ನು ಮಾತ್ರ ಬಿಡುಗಡೆ ಮಾಡಲಾಯಿತು.

ಮರುದಿನ ಸೈರಾಬಾನು ಗಜೇಂದ್ರಗಡದ ಇಂಟರ್ನೆಟ್ ಅಂಗಡಿಯಲ್ಲಿ ಕೂತು ನೋಡಿದರೆ ಉತ್ತರ ಬಂದುಬಿಟ್ಟಿತ್ತು! ಯಾವ ದೇಶದವನೋ ಪುಣ್ಯಾತ್ಮ, ದೋಷವನ್ನು ಸರಿಪಡಿಸಿ, 'ಹೊಸ ಪ್ರತಿ ಹಾಕಿಕೊಂಡು ನೋಡಿ ತಿಳಿಸಿರಿ, ಈ ದೂರನ್ನು ಮುಚ್ಚುತ್ತೇವೆ' ಎಂದು ಬರೆದಿದ್ದ. ಸೈರಾಬಾನು ಹೊಸ ಪ್ರತಿಯನ್ನು ಸಿ.ಡಿ.ಗೆ ಇಳಿಸಿಕೊಂಡು ಕಾಲೇಜಿಗೆ ಓಡೋಡಿ ಬಂದಳು.

"ಜಪ್ತಾದ ಮಾಲು ಮುಟ್ಟಂಗಿಲ್ರಿ," ಎಂದ ಮುತ್ತಣ್ಣ. "ವಿಚಾರಣಿ ಮುಗಿಯೂತನಕ ದೋಷ ಇದ್ದಂಗ ಇರಬೇಕು."

"ವಿಚಾರಣಿ ಯಾವಾಗ ಮುಗೀತೈತ್ರಿ?"

"ದೋಷ ಹೋದ ಮ್ಯಾಲೆ."

ಇದರಲ್ಲಿ ತಪ್ಪು ಹುಡುಕಲು ಸೈರಾಬಾನು ಬಹಳ ಹೊತ್ತು ನಿಂತೇ ಯೋಚಿಸಿದಳು. ಸಿಗಲಿಲ್ಲ. ಸಂಜೆಗೆ ಸುತ್ತೋಲೆ ಹೊರಟಿತು:

'ಪೂರಕ ಪರೀಕ್ಷೆಯಲ್ಲಿ ಯಾವುದೇ ವಿದ್ಯಾರ್ಥಿ ನೂರು ಅಂಕ ಪಡೆಯತಕ್ಕದ್ದಲ್ಲ. ಪಡೆದಲ್ಲಿ ಮುಂದಿನ ಪರಿಣಾಮಗಳಿಗೆ ಪಾಲಕರೇ ಹೊಣೆಗಾರರು.'

ಐಶ್ವರ್ಯಾ ಕಣ್ಣು ತುಂಬಿಕೊಂಡು ಬಂದಳು. "ಯಾವ ಲೆಕ್ಕ ತಪ್ಪ ಮಾಡ್ಲಿರಿ ಮಿಸ್? ಎಲ್ಲಾ ಬರ್ತಾವು."

ಸೈರಾಬಾನುವಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಆದರೆ ಲಕ್ಕಲಕಟ್ಟಿಯವರು ಆಗಲೇ ಸೀರೆ ನೋಡುತ್ತಿದ್ದರು. "ಕಡೀ ಒಂದ್ ಮಾರ್ಕಿನ ಲೆಕ್ಕದ ಉತ್ತರ ಬರಿಬ್ಯಾಡವಾ," ಎಂದಳು. "ಕೈ ಕಟ್ಕೊಂಡು ಕುಂದರು."

ಹುಡುಗಿ ಹಾಗೇ ಮಾಡಿದಳು. ತೊಂಬತ್ತೊಂಬತ್ತು ಬಂತು, ಯಂತ್ರ ಮಿಂಚಿನ ವೇಗದಲ್ಲಿ ಪಾಸು ಎಂದಿತು, ಲಗ್ನ ನಿಂತಿತು. ಚನ್ನವ್ವ ಊರಿಗೆಲ್ಲ ಸಕ್ಕರೆ ಹಂಚಿದಳು. ನರಗುಂದದ ಟ್ಯೂಷನ್ನಿನವರು 'ನೂರು ಬಾರದಂತೆ ಖಾತ್ರಿ ತರಬೇತಿ' ಎಂದು ಗೋಡೆಗೆ ಬರೆಸಿದರು. ಕಾಲೇಜಿನಲ್ಲಿ ಸತ್ಕಾರ ಸಮಾರಂಭ ನಡೆಯಿತು. ಅಂದಾನಪ್ಪನವರು ಶಾಲು ಹೊದಿಸಿ, "ಇಷ್ಟ ಬೆಸ್ಟ್ ಮಾರ್ಕ್ಸ್ ಹ್ಯಾಂಗ ತಗೊಂಡಿ ಮಗಳ?" ಎಂದು ಕೇಳಿದರು.

"ಬರೂ ಉತ್ತರ ಬರೀಲಾರದ ಕುಂದ್ರೂದು ಭಾಳ ತ್ರಾಸ್ರಿ ಸರ," ಎಂದಳು ಐಶ್ವರ್ಯಾ. "ಆದ್ರ ಈಗ ರೂಢಿ ಆಗೇತ್ರಿ."

ಸಭೆ ಚಪ್ಪಾಳೆ ತಟ್ಟಿತು. ಸೈರಾಬಾನುವೂ ತಟ್ಟಿದಳು.

ಅಂದು ಊರಿಗೆ ಮರಳಿದವಳು ಇಂಟರ್ನೆಟ್ ಅಂಗಡಿಗೆ ಹೋದಳು. ಆ ಪುಣ್ಯಾತ್ಮ ಮತ್ತೆ ಬರೆದಿದ್ದ: 'ನಿಮ್ಮಲ್ಲಿ ದೋಷ ಇನ್ನೂ ಇದೆಯೇ?'

ಸೈರಾಬಾನು ಟೈಪು ಮಾಡಿದಳು: 'ಇಲ್ಲ. ನಮ್ಮಲ್ಲಿ ಈಗ ಯಾರಿಗೂ ನೂರು ಬರುವುದಿಲ್ಲ. ದಯವಿಟ್ಟು ದೂರನ್ನು ಮುಚ್ಚಿರಿ.'