ಸಾಹುಕಾರರ ನಾಯಿಗೆ ಹಸಿ ಮಾಂಸ

ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ. ಅವುಗಳನ್ನು ಸಾಕುವವರು ಮಾತ್ರ ನನ್ನ ಕಣ್ಣಿಗೆ ದಿನವೂ ಬೀಳುತ್ತಾರೆ. ನಾನು ಓದಿದ ಕಾನ್ವೆಂಟಿನಲ್ಲಿ ಉಗುರು ತೋರಿಸದೆ ಊಟದ ಮೇಜಿಗೆ ಕೂರುವಂತಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದ ಆಸ್ಪತ್ರೆಗೆ ಮೇಟ್ರನ್ ಆಗಿ ಬಂದಾಗ, ಇನ್ನು ಯಾವುದಕ್ಕೂ ಬೆಚ್ಚಲಾರೆ ಎಂದುಕೊಂಡಿದ್ದೆ. ಒಂದು ನಾಯಿ ನನ್ನನ್ನು ಮತ್ತೆ ಮತ್ತೆ ಬೆಚ್ಚಿಬೀಳಿಸಿತು.

ಮಂಡಿಯ ನಾಯಿ

ಕಾಳಿನ ಮಂಡಿಯ ಸಾಹುಕಾರರ ಪುಟ್ಟ ಮಗನಿಗೆ ಮೇಲಿಂದ ಮೇಲೆ ವಾಂತಿಭೇದಿ. ಔಷಧಿ ಕೊಟ್ಟು ಕಳಿಸಿದರೆ ಮತ್ತೆ ಹೊತ್ತು ತರುತ್ತಿದ್ದರು. ಮಗು ಒಣಗಿದ ಹೀರೇಕಾಯಿಯಂತಾಗಿತ್ತು. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ ದಿನ ನಾನೇ ಅವರ ಮನೆಗೆ ಹೋದೆ.

ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾವಲು ನಾಯಿ ಹಸಿ ಕರುಳನ್ನು ಎಳೆದಾಡಿ ತಿನ್ನುತ್ತಿತ್ತು. ಮಗು ಅದರ ಮೂತಿ ಹಿಡಿದು ಮುದ್ದಾಡಿ, ಅದೇ ಕೈಯಲ್ಲಿ ರೊಟ್ಟಿ ತಿನ್ನುತ್ತಿತ್ತು. ನಾನು ಆ ರೊಟ್ಟಿಯನ್ನು ಕಿತ್ತುಕೊಂಡೆ.

"ಬೇಯಿಸಿಯಾದರೂ ಹಾಕಬಾರದೇ?" ಎಂದೆ.

ಸಾಹುಕಾರರ ತಾಯಿ ವಿಭೂತಿ ಹಚ್ಚಿದ ಹಣೆಗೆ ಕೈಯಿಟ್ಟರು. "ಶಿವ ಶಿವಾ! ಲಿಂಗ ಕಟ್ಟಿದ ಮನಿಯಾಗ ಮಾಂಸ ಬೇಯಿಸ್ತಾರೇನ್ರೀ?"

"ಹಸಿಯದನ್ನು ತರಬಹುದೇ?"

"ಮಂಡಿ ಆಳು ತರ್ತಾನ, ಮಂಡಿ ನಾಯಿ ತಿಂತೈತಿ. ಅದಕ್ಕೂ ನಮಗೂ ಏನ್ರೀ ಸಂಬಂಧ?"

ಸಂಬಂಧ ಅವರ ಮೊಮ್ಮಗನ ಬೆರಳುಗಳಿಗೆ ಅಂಟಿಕೊಂಡಿತ್ತು.

ಬಾಯಿತುಂಬ ನೊರೆ

ಹಸಿ ಮಾಂಸದಲ್ಲಿ ರೋಗಾಣುಗಳಿರುತ್ತವೆ, ನಾಯಿಯ ಬಾಯಿಂದ ಮಗುವಿನ ಕೈಗೆ ಹತ್ತುತ್ತವೆ, ಸಾಬೂನು ಹಚ್ಚಿ ತೊಳೆಯದೆ ಬಿಡಬೇಡಿ ಎಂದು ಅಜ್ಜಿಗೆ ಬಿಡಿಸಿ ಹೇಳಿದೆ. ಆಸ್ಪತ್ರೆಯ ಕೆಂಪು ಸಾಬೂನನ್ನೂ ಕೊಟ್ಟು ಬಂದೆ.

ಮರುದಿನ ಪೇಟೆಯಲ್ಲಿ "ಹುಚ್ಚುನಾಯಿ!" ಎಂಬ ಹುಯಿಲು. ಅಂಗಡಿಗಳ ಬಾಗಿಲು ಮುಚ್ಚಿದವು. ಪೊಲೀಸಿನವನು ಲಾಠಿ ಸಮೇತ ಮಂಡಿಯ ಮೂಟೆಗಳ ಮೇಲೆ ಹತ್ತಿ ನಿಂತಿದ್ದ. ಕೆಳಗೆ ನಾಯಿ, ಬಾಯಿತುಂಬ ಬಿಳಿ ನೊರೆಯೊಂದಿಗೆ, ಬಾಲ ಅಲ್ಲಾಡಿಸುತ್ತಿತ್ತು. ಗಾಳಿ ನನ್ನ ಕಡೆ ಬೀಸಿತು. ಕೆಂಪು ಸಾಬೂನಿನ ವಾಸನೆ!

"ಏನನ್ನು ತೊಳೆದಿರಿ?" ಎಂದು ಅವರ ಮನೆಗೆ ಓಡಿಹೋಗಿ ಅಜ್ಜಿಯನ್ನು ಕೇಳಿದೆ.

"ಮಾಂಸಾನರೀ. ಆಳಿನ ಕಡಿಂದ ಚಲೋತ್ನಾಗಿ ತಿಕ್ಕಿಸೀನಿ. ನಿಮ್ಮ ರೋಗಾಣು ಒಂದೂ ಉಳಿದಿರಂಗಿಲ್ಲ."

"ನಾನು ಹೇಳಿದ್ದು ಕೈ ತೊಳೆಯಲು!"

"ಕೈಗೆ ಹಚ್ಚಾಕ ಸಾಬೂನು ಎಲ್ಲಿ ಉಳೀತ್ರೀ?"

ಸೊರಬದ ಆತಿಥ್ಯ

ಮಗು ಉಳಿಯಬೇಕಾದರೆ ನಾಯಿಯನ್ನು ಕಳಿಸಿ ಎಂದು ಪಟ್ಟು ಹಿಡಿದೆ. ಸಾಹುಕಾರರ ಗೆಳೆಯರಾದ ಸೊರಬದ ಜವಳಿ ವ್ಯಾಪಾರಿ ಸಾಹೇಬರು, "ನಮ್ಮನೇಲಿ ಹೇಗೂ ಮಾಂಸ ಬೇಯ್ತದೆ, ಇದಕ್ಕೂ ಒಂದು ಪಾಲು ಹಾಕಿದ್ರಾಯ್ತು" ಎಂದು ಕರೆದೊಯ್ದರು. ಇತ್ತ ಮಗುವಿನ ಭೇದಿ ನಿಂತಿತು, ಕೆನ್ನೆ ತುಂಬಿತು.

ಕೆಲಸದ ಮೇಲೆ ಸೊರಬಕ್ಕೆ ಹೋದಾಗ ನೋಡಿಬರಲು ಹೋದೆ. ನಾಯಿ ಬಾಗಿಲಲ್ಲಿ ದಿಂಬಿನಂತೆ ಬಿದ್ದಿತ್ತು.

"ಹಸಿಯದು ಕೊಡುತ್ತಿಲ್ಲ ತಾನೇ?" ಎಂದು ಸಾಹೇಬರ ಹೆಂಡತಿಯನ್ನು ಕೇಳಿದೆ.

"ಹಸಿಯದಾ? ಅದರೆದುರು ಆ ಮಾತು ಆಡ್ಬೇಡಿ ಮಾರಾಯ್ರೆ! ಮಸಾಲೆ ಕಮ್ಮಿಯಾದ್ರೆ ನನ್ನ ಮುಖ ನೋಡಿ ತಟ್ಟೆ ತಳ್ತದೆ. ಇಷ್ಟು ವರ್ಷದಲ್ಲಿ ನಮ್ಮ ಯಜಮಾನ್ರಿಗೂ ಅಷ್ಟು ಧೈರ್ಯ ಬಂದಿಲ್ಲ."

ಕುದಿಯುವ ನೀರು

ಮಂಡಿಗೆ ಕಾವಲಿಲ್ಲವೆಂದು ಸಾಹುಕಾರರು ನಾಯಿಯನ್ನು ವಾಪಸು ತಂದರು. ಅದು ಈಗ ಹಸಿ ಮಾಂಸವನ್ನು ಮೂಸಿಯೂ ನೋಡಲಿಲ್ಲ. ಅಜ್ಜಿ ಒಲೆ ಕೊಡಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಒಂದು ಬೆಳಿಗ್ಗೆ ಡಾಕ್ಟರು ಒಬ್ಬನ ಕುರು ಕೊಯ್ಯಲು ಸಿದ್ಧರಾಗಿ ಚಾಕು ಕೇಳಿದರು. ಉಪಕರಣ ಕುದಿಸುವ ಕೋಣೆಗೆ ಹೋದೆ. ಅಲ್ಲಿ ಔತಣದ ಮನೆಯ ವಾಸನೆ! ಸ್ಟೆರಿಲೈಸರ್ ಮುಂದೆ, ಧೋತರ ಎತ್ತಿ ಕಟ್ಟಿಕೊಂಡು, ಸಾಹುಕಾರರು. ಮುಚ್ಚಳ ತೆಗೆದೆ. ಚಾಕು, ಕತ್ತರಿ, ಇಕ್ಕಳಗಳ ನಡುವೆ ಕುರಿಮಾಂಸ ಕುಣಿಯುತ್ತಿತ್ತು.

ಸಾಹುಕಾರರು ಕೈ ಮುಗಿದರು. "ಹಸೀದು ಹಾಕಿದ್ರ ಮಗನ್ನ ಕಳಕೊಂತೀನಿ, ಬೇಯಿಸಿದ್ರ ಅವ್ವ ಮನಿ ಬಿಡ್ತಾಳ. ನಿಮ್ಮ ಒಲಿ ಹೆಂಗೂ ಉರೀತಿರ್ತೈತಲ್ರೀ!"

"ಇವು ರೋಗಿಗಳ ಮೈಗೆ ತಾಗುವ ಸಾಮಾನು!" ಎಂದು ಚೀರಿದೆ.

"ಗೊತ್ತೈತ್ರೀ," ಎಂದರು, ನನಗೆ ಧೈರ್ಯ ಹೇಳುವವರಂತೆ. "ಅದಕ್ಕ ಮೊದಲು ಅವನ್ನೆಲ್ಲ ತಿಕ್ಕಿ ತೊಳದು, ಆಮ್ಯಾಲೆ ಮಾಂಸ ಬಿಟ್ಟೀನಿ. ನಾಳೆ ನಾಯಿಗೇನಾರ ರೋಗ ಹತ್ತಿದ್ರ ಯಾರ್ರೀ ಜವಾಬ್ದಾರಿ?"